ಆರನೆಯ ನಡೆಯ ಷಾ

ತಿರುಮಕೂಡಲು ನರಸೀಪುರ
೧೨ನೇ ಆಗಸ್ಟ್ ೧೯೦೮

ಚಿ॥ ಸೌ॥ ಭಾಗೀರಥಿಗೆ ನಿನ್ನ ತಂದೆ ರಾಮಯ್ಯ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಅದಕ್ಕೆ ಬರೆದಿದ್ದೇನೆ.

ಭಾನುವಾರ ನಾವು ನಾಲ್ಕು ಜನ ನಿಮ್ಮ ನಂಜನಗೂಡಿನ ಕ್ಲಬ್ಬಿಗೆ ಚದುರಂಗದ ಪಂದ್ಯಕ್ಕೆ ಬಂದದ್ದು ನಿನಗೆ ಗೊತ್ತೇ ಇರುತ್ತದೆ. ಸಂಜೆ ನಮ್ಮ ಗಾಡಿ ನಿಮ್ಮ ಬೀದಿಯಲ್ಲೇ ಹಾದುಹೋಯಿತು. ನಾನು ಇಳಿಯಲಿಲ್ಲ. ಮಳೆ ಬರುವ ಹಾಗಿತ್ತು, ಎತ್ತಿನ ಲಾಳ ಸಡಿಲವಾಗಿತ್ತು, ಜೊತೆಯವರಿಗೆ ಆತುರ. ಇದರಲ್ಲಿ ಯಾವುದನ್ನು ಬೇಕಾದರೂ ನಂಬು.

ಮಿಕ್ಕ ಮೂವರಲ್ಲಿ ಒಬ್ಬ ಗೆದ್ದ, ಒಬ್ಬ ಸೋತ, ಒಬ್ಬನದು ಸಮವಾಯಿತು. ಉಳಿದದ್ದು ನನ್ನ ಮಣೆ. ಎದುರಿಗೆ ಕೂತವರು ನಿನ್ನ ಮಾವ ನಂಜುಂಡಯ್ಯನವರು. ಇಪ್ಪತ್ತೆಂಟು ವರ್ಷ ಷಿರಸ್ತೇದಾರಿಕೆ ಮಾಡಿ ಪೆನ್ಷನ್ ತೆಗೆದುಕೊಂಡ ಮನುಷ್ಯ. ಕಾಯಿ ನಡೆಸುವುದೂ ಅರ್ಜಿಯ ಮೇಲೆ ಷರಾ ಬರೆದ ಹಾಗೆಯೇ, ಓದುವುದಿಲ್ಲ, ಬರೆದುಬಿಡುತ್ತಾರೆ. ಅಂಥವರ ಕೈಯಲ್ಲಿ ನಾನು ಸೋತೆ.

ಸೋತ ರೀತಿ ಕೇಳು. ನಮ್ಮ ಆಟದಲ್ಲಿ ರಾಜನಿಗೆ ಒಂದೇ ಒಂದು ಸಲ ಕುದುರೆಯ ಹಾಗೆ ಹಾರುವ ಹಕ್ಕು ಉಂಟಲ್ಲ. ಅದಕ್ಕೆ ಮುಂಚೆ ಎದುರಾಳಿ ರಾಜನಿಗೇ ಗುರಿಯಿಟ್ಟು ಒಂದು ಸಲ 'ಷಾ' ಅಂದರೆ ಆ ಹಕ್ಕು ಹೋಯಿತು. ಆರನೆಯ ನಡೆಯಲ್ಲಿ ನಿನ್ನ ಮಾವ ಒಂಟೆಯಿಂದ ಒಂದು ಕೆಲಸಕ್ಕೆ ಬಾರದ ಷಾ ಕೊಟ್ಟಿದ್ದರು. ನಾನು ಮರೆತೇಬಿಟ್ಟೆ. ಮೂವತ್ತೊಂಬತ್ತನೆಯ ನಡೆಯಲ್ಲಿ, ಅವರ ಆನೆ ಇನ್ನೇನು ನುಗ್ಗುತ್ತದೆ ಅನ್ನುವಾಗ, ರಾಜನನ್ನು ಹಾರಿಸಲು ಎತ್ತಿದೆ. ಅವರು ನನ್ನ ಕೈ ಮೇಲೆ ಕೈಯಿಟ್ಟು, "ಏನ್ರೀ ಬೀಗರೇ, ಷಾ ತಿಂದ ರಾಜ ಹಾರ್ತಾನೇನ್ರೀ? ನಿಮ್ಮೂರಲ್ಲಿ ಹಾರಬಹುದು" ಅಂದರು. ಸುತ್ತ ನಿಂತವರೆಲ್ಲ ನಕ್ಕರು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ರಾಜನಿಗೆ ಇದ್ದದ್ದು ಮೂಲೆಯ ಒಂದೇ ಮನೆ. ಇಟ್ಟೆ. ಆನೆ ಬಂತು. ಮುಗಿಯಿತು.

ಈಗ ಇಲ್ಲಿಯದು ಇನ್ನೊಂದು ಕಥೆ. ನಮ್ಮ ಕ್ಲಬ್ಬಿನ ಸೆಕ್ರೆಟರಿ ವಕೀಲ ದೇವರಾಜು ಗಾಡಿಯಲ್ಲೇ ಶುರು ಮಾಡಿದ. "ಹೆಣ್ಣು ಕೊಟ್ಟೋನು ಬೀಗರ ಮುಂದೆ ಗೆಲ್ತಾನೇನ್ರೀ? ಬಿಟ್ಟುಕೊಟ್ಟಿದಾನೆ ಬಿಡಿ." ನಾನು ಬೇಕೆಂದು ಸೋಲಲಿಲ್ಲ, ಇಂಥ ಕಡೆ ತಪ್ಪಿದೆ ಎಂದು ಎಲ್ಲರ ಮುಂದೆ ಮಣೆಯ ಮೇಲೆ ತೋರಿಸಬೇಕಂತೆ, ಅದೂ ದೀಪಾವಳಿಯೊಳಗೆ. ಇಲ್ಲದಿದ್ದರೆ ನವೆಂಬರಿನ ಮರುಪಂದ್ಯಕ್ಕೆ ನನ್ನ ಜಾಗದಲ್ಲಿ ತಾನೇ ಕೂರುತ್ತಾನಂತೆ.

ಇದೊಂದು ಹುಡುಗಾಟ ಅನ್ನಿಸಬಹುದು ನಿನಗೆ. ನಮ್ಮ ಕ್ಲಬ್ಬಿಗೆ ಬರುವವರೆಲ್ಲ ಮೆಟ್ರಿಕ್ಯುಲೇಷನ್, ಎಫ್.ಎ. ಪಾಸಾದವರು. ನಾನು ನಮ್ಮಪ್ಪ ತೀರಿಕೊಂಡ ವರ್ಷ ನಾಲ್ಕನೇ ಕ್ಲಾಸಿಗೆ ಬಿಟ್ಟವನು, ತಾಲ್ಲೂಕು ಕಚೇರಿಯಲ್ಲಿ ಇನ್ನೊಬ್ಬರು ಗೀಚಿದ್ದನ್ನು ದುಂಡಗೆ ನಕಲು ಮಾಡುವವನು. ಮಣೆಯ ಮುಂದೆ ಕೂತಿರುವಷ್ಟು ಹೊತ್ತು ನಾನು 'ರಾಮಯ್ಯನವರು'. ಮಣೆ ಎತ್ತಿದ ತಕ್ಷಣ "ರಾಮಯ್ಯ, ದೀಪಕ್ಕೆ ಎಣ್ಣೆ ಇದೆಯಾ ನೋಡಯ್ಯ." ಆ ಜಾಗವೂ ಹೋದರೆ ನನಗೆ ಉಳಿಯುವುದು ಎಣ್ಣೆಯ ಡಬ್ಬ.

ನನಗೆ ನಡೆಗಳು ಹತ್ತರಿಂದಾಚೆ ನೆನಪಿಲ್ಲ. ನಿನ್ನ ಮಾವ ಪೂರ್ತಿ ಬರೆದಿಟ್ಟುಕೊಂಡಿದ್ದಾರೆ. ನಾನು ಹೇಗೆ ಕೇಳಲಿ? ಹೇಗಾದರೂ ಮಾಡಿ ತಿಳಿಸು. ಈ ಕಾಗದ ಅವರ ಕೈಗೆ ಸಿಗದ ಹಾಗೆ ನೋಡಿಕೋ. ನಿಮ್ಮ ಕಡೆ ಇಲಿ ಬೀಳುತ್ತಿವೆಯೇ? ಒಂದು ಸತ್ತ ಇಲಿ ಕಂಡರೂ ಮನೆ ಬಿಟ್ಟು ಹೊರಗೆ ಗುಡಿಸಲು ಹಾಕಿಸಲು ಹೇಳು. ಪ್ಲೇಗಿಗೆ ಷಿರಸ್ತೇದಾರರು ಅನ್ನುವ ಮುಲಾಜಿಲ್ಲ.

ಇಂತು ನಿನ್ನ ತಂದೆ,
ರಾಮಯ್ಯ


ನಂಜನಗೂಡು
೨೪ನೇ ಆಗಸ್ಟ್ ೧೯೦೮

ತೀರ್ಥರೂಪರಾದ ಅಣ್ಣನವರಿಗೆ ನಿಮ್ಮ ಮಗಳು ಭಾಗೀರಥಿಯ ನಮಸ್ಕಾರಗಳು.

ಇಲಿ ಬಿದ್ದಿಲ್ಲ. ಕಾಗದದ ಬಗ್ಗೆಯೂ ಹೆದರಬೇಡಿ. ಪೋಸ್ಟಿನವನಿಂದ ಮಾವನವರೇ ಅದನ್ನು ತೆಗೆದುಕೊಂಡು, ಹೆಂಗಸರ ಕಾಗದ ಓದುವಷ್ಟು ನನ್ನ ಕೆಲಸ ಕೆಟ್ಟಿಲ್ಲ ಎಂದು ಅಡಿಗೆಮನೆಯ ಹೊಸ್ತಿಲಿಗೆ ಎಸೆದರು. ಅವರ ಈ ತಾತ್ಸಾರಕ್ಕಿಂತ ಭದ್ರವಾದ ಪೆಟ್ಟಿಗೆ ಈ ಮನೆಯಲ್ಲಿ ಇಲ್ಲ.

ನಡೆಗಳನ್ನು ಕದಿಯುವ ಕಷ್ಟವೂ ಬೀಳಲಿಲ್ಲ. ಈ ಹದಿನೈದು ದಿನದಲ್ಲಿ ಮಾವನವರು ಆ ಆಟವನ್ನು ಪಡಸಾಲೆಯಲ್ಲಿ ಹನ್ನೊಂದು ಸಲ ಆಡಿ ತೋರಿಸಿದ್ದಾರೆ. ನಾನು ಒಳಗೆ ಸೊಪ್ಪು ಬಿಡಿಸುತ್ತ ಕೂತಿರುತ್ತೇನೆ. ಬಂದವರಿಗೆಲ್ಲ ಒಂದೇ ಪಾಠ. "ನೋಡ್ರೀ ಇಲ್ಲಿ, ಆರನೇ ನಡೇಲಿ ಷಾ ಕೊಟ್ಟೆ. ಯಾಕ್ ಕೊಟ್ಟೆ? ಮುಂದಾಲೋಚನೆ! ಮೂವತ್ತೊಂಬತ್ತನೇ ನಡೇಲಿ ಇವನು ಹಾರೋಕ್ ಬರ್ತಾನೆ ಅಂತ ಅವಾಗ್ಲೇ ಗೊತ್ತಿತ್ತು ನಂಗೆ." ಸುಳ್ಳು. ಆ ಒಂಟೆಯನ್ನು ಏನು ಮಾಡುವುದೆಂದು ತೋಚದೆ ಕೊಟ್ಟ ಷಾ ಅದು. ಮೊದಲ ನಾಲ್ಕು ದಿನ ಅವರೇ ಹಾಗೆಂದಿದ್ದರು. ಐದನೆಯ ದಿನಕ್ಕೆ ಅದು ಮುಂದಾಲೋಚನೆಯಾಯಿತು.

ಮೊನ್ನೆ ಯಾರೋ ಕೇಳಿದರು, "ರಾಮಯ್ಯ ಅಂದ್ರೆ ನಿಮ್ಮ ಸೊಸೆಯ ತಂದೆ ಅಲ್ವೇ?" ಮಾವನವರು, "ಹೂಂ ಕಣ್ರೀ. ಹೆಣ್ಣೂ ಚೆನ್ನಾಗಿ ಕೊಟ್ಟ, ಆಟಾನೂ ಚೆನ್ನಾಗಿ ಕೊಟ್ಟ" ಎಂದರು. ನಾನು ಹೊರಗೆ ಹೋಗಿ ನೀರು ಕೊಟ್ಟು ಬಂದೆ.

ಮೂವತ್ತೊಂಬತ್ತು ನಡೆಗಳನ್ನೂ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ನಾನೂ ಆಡಿ ನೋಡಿದೆ. ಮಧ್ಯಾಹ್ನ ಅತ್ತೆಯವರು ಮಲಗಿದ ಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದುಕೊಂಡು, ಹುಣಿಸೆಬೀಜ, ಕಡಲೆಕಾಳು ಇಟ್ಟುಕೊಂಡು. ನೀವು ಸೋತದ್ದು ಮೂವತ್ತೊಂಬತ್ತನೆಯ ನಡೆಯಲ್ಲಲ್ಲ. ಎಲ್ಲಿ ಎಂದು ನೀವೇ ಹುಡುಕಿದರೆ ಒಳ್ಳೆಯದು.

ಎತ್ತಿನ ಲಾಳ ಸಡಿಲವಾಗಿತ್ತು ಎಂದು ಬರೆದಿದ್ದೀರಿ. ನೀವು ಬರುತ್ತೀರೆಂದು ಒಬ್ಬಟ್ಟು ಮಾಡಿದ್ದೆ. ಬೀದಿಯಲ್ಲಿ ಗಾಡಿ ಹೋದದ್ದೂ ಕೇಳಿಸಿತು. ಲಾಳ ಸದ್ದು ಮಾಡುತ್ತಿರಲಿಲ್ಲ.

ಇಂತು,
ಭಾಗೀರಥಿ


ತಿರುಮಕೂಡಲು ನರಸೀಪುರ
೩ನೇ ಸೆಪ್ಟೆಂಬರ್ ೧೯೦೮

ಚಿ॥ ಸೌ॥ ಭಾಗೀರಥಿಗೆ ಆಶೀರ್ವಾದ.

ಕಾಗದ ತಲುಪಿತು. ನಡೆಗಳೂ ಬಂದವು. ಆದರೆ 'ನೀವೇ ಹುಡುಕಿ' ಅಂದರೆ ಏನಮ್ಮ? ನಿನಗೆ ಚದುರಂಗ ಕಲಿಸಿದವನು ನಾನು. ಕರಿ ಕಾಯಿ ಹಿಡಿಯಲು ಊರಲ್ಲಿ ಯಾರೂ ಸಿಗದೆ, ಏಳು ವರ್ಷದ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದೆ. ಈಗ ನನಗೇ ಪಾಠವೇ?

ನಾಲ್ಕು ಸಲ ಆಡಿ ನೋಡಿದ್ದೇನೆ. ನನ್ನ ಆಟದಲ್ಲಿ ತಪ್ಪಿಲ್ಲ. ಆ ಕ್ಲಬ್ಬಿನ ಮೇಜಿಗೆ ಒಂದು ಕಾಲು ಗಿಡ್ಡ, ಕೈಯೂರಿದರೆ ಕುಂಟುತ್ತದೆ. ಕಿಟಕಿಯ ಬಿಸಿಲು ನೇರ ನನ್ನ ಕಣ್ಣಿಗೆ. ನಿನ್ನ ಮಾವ ಎಲೆಅಡಿಕೆ ಅಗಿಯುವ ಸದ್ದು ಗಾಣದ ಹಾಗೆ, ಮಧ್ಯೆ ಮಧ್ಯೆ ಎದ್ದು ಉಗುಳಿ ಬರುತ್ತಾರೆ. ಅವರು ಎದ್ದಾಗ ನಾನು ಯೋಚಿಸಬೇಕೋ ಬೇಡವೋ ಎಂದು ತಿಳಿಯದೆ ಅಷ್ಟು ಹೊತ್ತು ಸುಮ್ಮನೆ ಕೂತಿರುತ್ತಿದ್ದೆ. ಅದು ಅವರ ಉಪಾಯ. ಮೇಲಾಗಿ ಹಿಂದೆ ನಿಂತವನೊಬ್ಬ ನನ್ನ ನಡೆಗಳಿಗೆಲ್ಲ 'ಚ್ಚ್' ಅನ್ನುತ್ತಿದ್ದ. ಇಂಥ ಜನರ ನಡುವೆ ಯಾವ ಮಹಾರಾಯ ಗೆಲ್ಲುತ್ತಾನೆ?

ಇದನ್ನೇ ಸಭೆಯಲ್ಲಿ ಹೇಳೋಣವೆಂದಿದ್ದೆ. ದೇವರಾಜುವಿನ ಕಿವಿಗೆ ಸ್ವಲ್ಪ ಹಾಕಿದೆ. ಅವನು, "ಮೇಜಿನ ಕಾಲು ಗಿಡ್ಡ ಆದ್ರೆ ನಂಜುಂಡಯ್ಯನವರಿಗೂ ಗಿಡ್ಡವೇ ಅಲ್ವೇನಯ್ಯಾ?" ಅಂದ. ವಕೀಲರಿಗೆ ಮಾತು ಬಿಟ್ಟರೆ ಇನ್ನೇನು ಬರುತ್ತದೆ.

ನಿನಗೆ ಕೆಮ್ಮು ಇದೆಯೆಂದು ಯಾರೋ ಹೇಳಿದರು. ಇದೆಯೇ? ಬಾವಿಯ ಕಟ್ಟೆಯ ಮೇಲೆ ಕೂರಬೇಡ. ಹೋಗಲಿ, ಎಷ್ಟನೆಯ ನಡೆ ಎಂದಾದರೂ ಬರೆ. ನನ್ನದಕ್ಕೂ ನಿನ್ನದಕ್ಕೂ ತಾಳೆ ನೋಡುವುದಕ್ಕೆ ಅಷ್ಟೆ.

ಇಂತು,
ರಾಮಯ್ಯ


ನಂಜನಗೂಡು
೨೧ನೇ ಸೆಪ್ಟೆಂಬರ್ ೧೯೦೮

ತೀರ್ಥರೂಪರಾದ ಅಣ್ಣನವರಿಗೆ ನಮಸ್ಕಾರಗಳು.

ಕೆಮ್ಮಿಲ್ಲ. ನಿಮ್ಮ ಕಾಗದದಲ್ಲಿ ಮೇಜು ಸೋತಿದೆ, ಕಿಟಕಿ ಸೋತಿದೆ, ಎಲೆಅಡಿಕೆ ಸೋತಿದೆ, ಹಿಂದೆ ನಿಂತವನ ನಾಲಿಗೆ ಸೋತಿದೆ. ನೀವೊಬ್ಬರು ಮಾತ್ರ ಸೋತಿಲ್ಲ. ಇಷ್ಟೆಲ್ಲ ಗೆದ್ದವರಿಗೆ ನನ್ನ ಪಾಠ ಯಾಕೆ ಎಂದು ಹತ್ತು ದಿನ ಬರೆಯಲಿಲ್ಲ. ಆದರೆ ಇಲ್ಲಿ ಪಡಸಾಲೆಯಲ್ಲಿ ಇಪ್ಪತ್ತಮೂರನೆಯ ಸಲ ಆ ಆಟ ಕೇಳಿದೆ. ಗೆದ್ದವರಿಗೆ ತಾವು ಯಾಕೆ ಗೆದ್ದೆವೆಂದು ತಿಳಿದಿಲ್ಲ. ಸೋತವರಿಗಾದರೂ ಯಾಕೆ ಸೋತೆವೆಂದು ತಿಳಿಯಲಿ.

ಆರನೆಯ ನಡೆಯ ಷಾ ನಿಮಗೆ ಕೇಳಿಸಿತು. ಕಾಲಾಳನ್ನು ಅಡ್ಡ ಇಟ್ಟಿರಿ, ಒಂಟೆ ಹಿಂದಕ್ಕೆ ಓಡಿತು, ನೀವು ನಕ್ಕಿರಂತೆ. ನಗುವ ಹೊತ್ತಿನಲ್ಲಿ ಹಾರಿಕೆ ಹೋಯಿತು. ಹೋಗಲಿ, ಹಾರಿಕೆ ಹೋದರೆ ಯಾರೂ ಸೋಲುವುದಿಲ್ಲ. ಆಮೇಲಿನ ಮೂವತ್ತಮೂರು ನಡೆ ನೀವು ಆಡಿದ್ದು ಅದು ಇನ್ನೂ ಕೈಯಲ್ಲಿದೆ ಎಂದು. ರಾಜನ ಸುತ್ತ ಎಲ್ಲರನ್ನೂ ಒತ್ತಿ ಒತ್ತಿ ನಿಲ್ಲಿಸಿದಿರಿ. ಆನೆಯನ್ನು ಪಕ್ಕದಿಂದ ಕದಲಿಸಲಿಲ್ಲ. ಅವನು ಹೊರಗೆ ಬರಲು ಒಂದು ಸಂದು ಬಿಡಲಿಲ್ಲ, ಹೇಗೂ ಹಾರುತ್ತಾನಲ್ಲ ಎಂದು. ಗೋಡೆಯ ಮೇಲೆ ಬಾಗಿಲಿನ ಚಿತ್ರ ಬರೆದುಕೊಂಡು, ಮನೆಗೆ ಬೆಂಕಿ ಬಿದ್ದಾಗ ಅದರ ಚಿಲಕ ಹುಡುಕಿದಿರಿ. ಹದಿನೇಳು, ಇಪ್ಪತ್ತೆರಡು, ಮೂವತ್ತು, ಈ ಮೂರು ಕಡೆ ಆ ಆನೆಯನ್ನು ಎತ್ತಿ ನಡುವಿಗೆ ತಂದಿದ್ದರೆ ಮಾವನವರ ಕಥೆ ಮುಗಿದಿತ್ತು. ಇಟ್ಟು ನೋಡಿ.

ಇನ್ನೊಂದು. ಆ ಷಾ ಬೀಳುವುದಕ್ಕೆ ಮುಂಚೆ ಐದು ನಡೆ ಹಾರಿಕೆ ನಿಮ್ಮದೇ ಆಗಿತ್ತು. ಬಳಸಲಿಲ್ಲ. ಯಾಕೆಂದು ನನಗೆ ಗೊತ್ತು. 'ಮುಂದಕ್ಕೆ ಇರಲಿ' ಎಂದು. ನನ್ನ ಮದುವೆಗೆ ತಂದ ಜರಿಪಂಚೆ ಇನ್ನೂ ಟ್ರಂಕಿನ ತಳದಲ್ಲಿ ಮುಂದಕ್ಕೆ ಇದೆ. ಲೋಯರ್ ಸೆಕೆಂಡರಿ ಪರೀಕ್ಷೆಗೆ ಬರುವ ವರ್ಷ ಕೂರಿಸುತ್ತೇನೆ ಎಂದಿರಿ. ಆ ಬರುವ ವರ್ಷ ನನ್ನನ್ನು ಹಸೆಯ ಮೇಲೆ ಕೂರಿಸಿದಿರಿ. ಅದು ಬೇರೆ ಮಾತು. ಇಲ್ಲಿ ನಾನು ಆಟದ ವಿಷಯ ಮಾತ್ರ ಬರೆಯುತ್ತಿದ್ದೇನೆ.

ಇಂತು,
ಭಾಗೀರಥಿ


ತಿರುಮಕೂಡಲು ನರಸೀಪುರ
೧೯ನೇ ಅಕ್ಟೋಬರ್ ೧೯೦೮

ಚಿ॥ ಸೌ॥ ಭಾಗೀರಥಿಗೆ ಆಶೀರ್ವಾದ.

ನಿನ್ನ ಕಾಗದ ಬಂದ ದಿನ ಊಟ ಮಾಡಲಿಲ್ಲ. ನಿಮ್ಮಮ್ಮನಿಗೆ ಓದಿ ಹೇಳಿದೆ, ನೋಡು ನಿನ್ನ ಮಗಳ ನಾಲಿಗೆ ಎಂದು. ಅವಳು ಒಲೆಯ ಮುಂದಿನಿಂದ ಏಳಲೂ ಇಲ್ಲ. "ಬೈದಿದಾಳೆ ಅಂತ ಯಾಕ್ ಮುಖ ಊದಿಸ್ಕೊಂಡಿದೀರಿ? ಬೈದಿರೋದು ಸರಿಯಾಗಿದೆಯಾ ಇಲ್ವಾ, ಅದನ್ನ ನೋಡಿ" ಅಂದಳು. ಅವಳಿಗೆ ಆನೆ ಯಾವುದು ಒಂಟೆ ಯಾವುದು ಎಂದು ಗೊತ್ತಿಲ್ಲ. ಆದರೂ ಮಾತಿಗೇನು ಕಮ್ಮಿಯಿಲ್ಲ.

ಇಟ್ಟು ನೋಡಿದೆ. ಹದಿನೇಳರಲ್ಲಿ ಇಟ್ಟೆ, ಇಪ್ಪತ್ತೆರಡರಲ್ಲಿ ಇಟ್ಟೆ. ಒಂದು ವಾರ ಬೇರೆ ಬೇರೆ ರೀತಿಯಲ್ಲಿ ನೀನು ಹೇಳಿದ್ದು ತಪ್ಪು ಎಂದು ತೋರಿಸಲು ಪ್ರಯತ್ನಪಟ್ಟೆ. ಆಗಲಿಲ್ಲ. ಈಗ ಆ ಆಟ ನೋಡಿದರೆ ನನಗೇ ಅಸಹ್ಯವಾಗುತ್ತದೆ. ಹೆದರಿದ ಕುರಿಗಳ ಹಾಗೆ ಮೂಲೆಯಲ್ಲಿ ಗುಂಪುಗೂಡಿದ ಕಾಯಿಗಳು, ಅವುಗಳ ಹಿಂದೆ ಇನ್ನೊಂದು ಕುರಿ.

ನಿನ್ನೆ ಸಭೆಯಲ್ಲಿ ಮಣೆ ಹರಡಿ ತೋರಿಸಿದೆ. ಗೋಡೆಯ ಮೇಲಿನ ಬಾಗಿಲಿನ ಮಾತನ್ನೂ ಹೇಳಿದೆ. ಯಾರೂ ನಗಲಿಲ್ಲ. ಮೂರು ಕಡೆ ಆನೆ ಎತ್ತಿ ನಡುವಿಗೆ ತಂದಾಗ ದೇವರಾಜು ಕನ್ನಡಕ ತೆಗೆದು ಒರೆಸಿಕೊಂಡು ಹತ್ತಿರ ಬಂದ. "ಸರಿ ಕಣಯ್ಯಾ, ಬೇಕಂತ ಸೋತಿಲ್ಲ. ನೀನೇ ಕೂತ್ಕೋ" ಅಂದ. ಆಮೇಲೆ, "ಇದು ನಿನ್ನ ತಲೆಯಿಂದ ಬಂದದ್ದಲ್ಲ. ಯಾರು ಹೇಳಿಕೊಟ್ಟೋರು?" ಎಂದು ಕೇಳಿದ. ಏನೋ ಹೇಳಿದೆ.

ಜಾಗ ಉಳಿಯಿತು. ಮರುಪಂದ್ಯ ನವೆಂಬರ್ ಹದಿನೈದು, ಭಾನುವಾರ, ನಮ್ಮೂರಲ್ಲಿ. ಎದುರಿಗೆ ಮತ್ತೆ ನಿನ್ನ ಮಾವನೇ. ಹೇಗೆ ಆಡಲಿ? ಇದನ್ನು ಕೇಳಬಾರದಿತ್ತೇನೋ. ಕೇಳಿದ್ದೇನೆ.

ಇಂತು,
ರಾಮಯ್ಯ


ನಂಜನಗೂಡು
೧ನೇ ನವೆಂಬರ್ ೧೯೦೮

ತೀರ್ಥರೂಪರಾದ ಅಣ್ಣನವರಿಗೆ ನಮಸ್ಕಾರಗಳು.

ನಾಲ್ಕನೆಯ ನಡೆಯಲ್ಲಿ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ. ಐದನೆಯ ನಡೆಯಲ್ಲಿ ಆ ಖಾಲಿ ಮನೆಗೆ ರಾಜನನ್ನು ಹಾರಿಸಿ. ಅವರು ಷಾ ಕೊಡುವವರೆಗೆ ಕಾಯಬೇಡಿ. ನಗುತ್ತಾರೆ. ನಗಲಿ.

ಮಾವನವರಿಗೆ ಮಂತ್ರಿಯೆಂದರೆ ಪ್ರಾಣ. ಮೊದಲೇ ಹೊರಗೆ ತಂದು ಮೆರೆಸುತ್ತಾರೆ, ಯಾರಾದರೂ ಅದರ ಕಡೆ ನೋಡಿದರೆ ಹಿಂದಕ್ಕೆ ಕರೆದುಕೊಳ್ಳುತ್ತಾರೆ. ಕಾಲಾಳುಗಳಿಂದಲೇ ಅದನ್ನು ಅಟ್ಟಿ. ಅದು ಓಡುವ ಒಂದೊಂದು ಸಲಕ್ಕೂ ನಿಮಗೆ ಒಂದು ನಡೆ ಪುಕ್ಕಟೆ ಸಿಗುತ್ತದೆ. ಅವರು ಎದ್ದು ಉಗುಳಲು ಹೋದಾಗ ನೀವು ಯೋಚಿಸಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಅವರ ಅನ್ನ ತಿಂದು ಅವರ ವಿರುದ್ಧ ಬರೆಯುತ್ತಿದ್ದೇನೆ ಎಂದು ಎರಡು ದಿನ ಮನಸ್ಸು ಒಪ್ಪಲಿಲ್ಲ. ಆದರೆ ನಿನ್ನೆ ಹೊಸದಾಗಿ ಬಂದವರೊಬ್ಬರ ಮುಂದೆ, ಆರನೆಯ ನಡೆಯ ಷಾ ತಮಗೆ ಕನಸಿನಲ್ಲಿ ಕಂಡಿತು ಎಂದರು. ಇದಕ್ಕೂ ಒಂದು ಮಿತಿ ಬೇಕು.

ನನ್ನ ಯಜಮಾನರು ಮೈಸೂರಿನ ಕಾಲೇಜಿನಿಂದ ರಜಕ್ಕೆ ಬಂದಿದ್ದಾರೆ. ಸೀಮೆಸುಣ್ಣದ ಗೆರೆ ಕಂಡು, ಚೌಕಾಬಾರ ಆಡುತ್ತೀಯಾ ಎಂದು ಕೇಳಿದರು. ಹೌದು ಎಂದೆ.

ಇಂತು,
ಭಾಗೀರಥಿ


ತಿರುಮಕೂಡಲು ನರಸೀಪುರ
೧೭ನೇ ನವೆಂಬರ್ ೧೯೦೮

ಚಿ॥ ಸೌ॥ ಭಾಗೀರಥಿಗೆ ಅನೇಕಾನೇಕ ಆಶೀರ್ವಾದ!

ಗೆದ್ದೆ. ಮೂವತ್ತೊಂದು ನಡೆ. ಮೂರು ರಾತ್ರಿ ನಿದ್ದೆಯಿಲ್ಲದೆ, ಬೆಳಿಗ್ಗೆ ಇನ್ನು ಹೋಗುವುದೇ ಬೇಡ ಅನ್ನಿಸಿಯೂ ಹೋಗಿ ಗೆದ್ದೆ.

ಐದನೆಯ ನಡೆಯಲ್ಲಿ ರಾಜನನ್ನು ಹಾರಿಸಿದೆ ನೋಡು, ನಿನ್ನ ಮಾವ ಹಿಂದಕ್ಕೆ ಒರಗಿ ನಕ್ಕರು. "ಇನ್ನೂ ಯುದ್ಧವೇ ಶುರುವಾಗಿಲ್ಲ, ರಾಜ ಓಡಿಹೋದನಲ್ರೀ ಬೀಗರೇ!" ನಮ್ಮವರೇ ಕೆಲವರು ಅವರ ಜೊತೆ ನಕ್ಕರು. ನಾನು ತಲೆ ಎತ್ತಲಿಲ್ಲ. ಆಮೇಲೆ ಅವರು ಷಾ ಕೊಡಲೆಂದು ಒಂಟೆಯನ್ನು ಎಳೆದುಕೊಂಡು ಮಣೆಯೆಲ್ಲ ತಿರುಗಿದರು. ಎರಡು ಸಲ ಕೊಟ್ಟರು. ಕೊಟ್ಟು ನನ್ನ ಮುಖ ನೋಡುತ್ತಾರೆ. ಹಾರಿ ಮುಗಿಸಿ ಕೂತವನಿಂದ ಇನ್ನೇನು ಕಿತ್ತುಕೊಳ್ಳುತ್ತಾರೆ? ಅವರ ಮಂತ್ರಿಯನ್ನು ಕಾಲಾಳುಗಳಿಂದ ಅಟ್ಟಿದೆ. ಬೀದಿನಾಯಿ ಕಂಡ ಹಸುವಿನ ಹಾಗೆ ಅದು ಓಡಿದ್ದೇ ಓಡಿದ್ದು. ಇಪ್ಪತ್ತರ ಹೊತ್ತಿಗೆ ಎಲೆಅಡಿಕೆ ನಿಂತಿತು. ಮೂವತ್ತೊಂದಕ್ಕೆ ತಾವೇ ರಾಜನನ್ನು ಮಲಗಿಸಿ, ರುಮಾಲು ಸರಿಮಾಡಿಕೊಂಡು ಎದ್ದುಹೋದರು. ಕಾಫಿ ತಂದರೆ ಮುಟ್ಟಲಿಲ್ಲ.

ಷಿರಸ್ತೇದಾರಿಕೆಯಂತೆ! ಇಂಥವರ ಕೈಕೆಳಗೆ ಇಪ್ಪತ್ತೆಂಟು ವರ್ಷ ಒಂದು ತಾಲ್ಲೂಕು ಹೇಗೆ ಉಳಿಯಿತೋ ನಂಜುಂಡೇಶ್ವರನೇ ಬಲ್ಲ.

ದೇವರಾಜು ಎಲ್ಲರ ಮುಂದೆ ನನಗೆ ಹಾರ ಹಾಕಿಸಿದ. ಮಣೆ ಎತ್ತಿದ ಮೇಲೂ 'ರಾಮಯ್ಯನವರೇ' ಅಂದ! ಜನವರಿ ಹತ್ತಕ್ಕೆ ಮೈಸೂರಿನಿಂದ ಒಂದು ತಂಡ ಬರುತ್ತದಂತೆ, ಮೊದಲ ಮಣೆ ನನ್ನದು. ಅವರು ಗಟ್ಟಿ ಆಟಗಾರರು. ಹೇಗೆ ಶುರು ಮಾಡಲಿ ಎಂದು ಬೇಗ ಬರೆ, ಈ ಸಲ ವಿಸ್ತಾರವಾಗಿ. ತಡಮಾಡಬೇಡ.

ಇಂತು,
ರಾಮಯ್ಯ


ನಂಜನಗೂಡು
೩೦ನೇ ನವೆಂಬರ್ ೧೯೦೮

ತೀರ್ಥರೂಪರಾದ ಅಣ್ಣನವರಿಗೆ ನಮಸ್ಕಾರಗಳು.

ಮಾವನವರು ಸೋತು ಬಂದ ದಿನ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಮಾರನೆಯ ದಿನಕ್ಕೆ ಅವರು ಸರಿಹೋದರು. ಹೇಗೆ ಸರಿಹೋದರು ಎಂದು ನನಗೆ ಆಶ್ಚರ್ಯ. ಸಂಜೆ ಪಡಸಾಲೆಯಲ್ಲಿ ಕಾರಣ ಕೇಳಿಸಿತು.

"ನಾನು ಸೋತದ್ದು ರಾಮಯ್ಯನಿಗಲ್ಲ ಕಣ್ರೀ. ಆ ಮನುಷ್ಯನಿಗೆ ಮೈಸೂರಿನ ದೊಡ್ಡ ವಿದ್ವಾಂಸರೊಬ್ಬರು ಕಾಗದದ ಮೂಲಕ ಪಾಠ ಹೇಳ್ತಿದಾರೆ. ಅವರ ಕ್ಲಬ್ಬಿನಲ್ಲಿ ಅವನೇ ಹೇಳಿದಾನೆ. ಅರಮನೆಗೆ ಹೋಗಿಬರೋ ಜನ. ಹೆಸರು ಹೇಳಕೂಡದು ಅಂತ ಆಣೆ ಇಡಿಸ್ಕೊಂಡಿದಾರೆ. ಎಪ್ಪತ್ತು ವರ್ಷವಂತೆ, ಬೆಳ್ಳಗೆ ಗಡ್ಡವಂತೆ."

ಗಡ್ಡ ಯಾಕೆ ಅಣ್ಣ? ಬರೀ ವಿದ್ವಾಂಸರು ಸಾಲದೇ ಹೋದರೇ?

'ಏನೋ ಹೇಳಿದೆ' ಎಂದು ಅಕ್ಟೋಬರಿನಲ್ಲಿ ಬರೆದಿದ್ದಿರಿ. ಹೇಳಿದ್ದು ಈ ವಿದ್ವಾಂಸರ ಕಥೆ ಎಂದು ಆಗ ತಿಳಿಯಲಿಲ್ಲ. ಮಗಳು ಹೇಳಿಕೊಟ್ಟಳು ಎಂದರೆ ಜಾಗ ಹೋಗುತ್ತದೆ ಎಂದು ಹೆದರಿದಿರಿ. ಹೆದರುವುದು ನಿಮಗೆ ಹೊಸದಲ್ಲ. ಆದರೆ ಹೆದರಿಕೆಗೆ ಗಡ್ಡ ಅಂಟಿಸಿ ಅರಮನೆಗೆ ಕಳಿಸುವುದು ಹೊಸದು.

ನಾನು ಸುಮ್ಮನಿರಬೇಕಿತ್ತು. ಬಂದವರು ಹೋದ ಮೇಲೆ ಬಾಗಿಲ ಸಂದಿಯಲ್ಲಿ ನಿಂತು, "ಆ ಕಾಗದಗಳನ್ನು ಬರೆದವಳು ನಾನು" ಎಂದೆ. ಏನಾದರೂ ಆಗಲಿ ಎಂದು ಗಟ್ಟಿಮನಸ್ಸು ಮಾಡಿಯೇ ಹೇಳಿದೆ. ಮಾವನವರು ಅಡಿಕೆ ಗಂಟಲಿಗೆ ಹತ್ತುವಷ್ಟು ನಕ್ಕರು. ಅತ್ತೆಯವರು ನೀರು ತಂದು ಬೆನ್ನು ಸವರಬೇಕಾಯಿತು. "ತೌರಿಗೆ ಹೋಗೋ ಆಸೆ ಇದ್ರೆ ಹೋಗಿಬಾ ತಾಯಿ. ಅಪ್ಪನ್ನ ದೊಡ್ಡವನು ಮಾಡೋದಕ್ಕೆ ಇಂಥ ಸುಳ್ಳು ಯಾಕೆ?" ಎಂದರು. ಕೋಪಿಸಿಕೊಳ್ಳಲೂ ಇಲ್ಲ. ವಿದ್ವಾಂಸರಿಗೆ ಸೋತದ್ದು ಎಂದಾದರೆ ಅವರಿಗೆ ಸೋಲೂ ಒಂದು ಮರ್ಯಾದೆ. ಅದನ್ನು ಅವರು ಬಿಟ್ಟುಕೊಡುತ್ತಾರೆಯೇ? ಈಗ ಹೊಸ ಆಟವನ್ನೂ ಬಂದವರಿಗೆ ಆಡಿ ತೋರಿಸುತ್ತಾರೆ. ಐದನೆಯ ನಡೆ ಬಂದಾಗ ಎಲ್ಲರೂ ತಲೆದೂಗುತ್ತಾರೆ. "ನೋಡಿ, ಇದೇ ಆ ಹಿರಿಯರ ಕೈ."

ನಾನು ಹೇಳಿದರೆ ಯಾರೂ ನಂಬುವುದಿಲ್ಲ. ನೀವು ಹೇಳಿದ್ದರೆ ನಂಬುತ್ತಿದ್ದರು. ಇಷ್ಟೇ ವ್ಯತ್ಯಾಸ.

ಜನವರಿಯ ಆಟಕ್ಕೆ ಹೇಗೆ ಶುರು ಮಾಡಬೇಕು ಎಂದು ಕೇಳಿದ್ದೀರಿ. ನಾನು ಅರ್ಧಕ್ಕೆ ಸ್ಕೂಲು ಬಿಟ್ಟವಳು, ಹುಣಿಸೆಬೀಜದಲ್ಲಿ ಆಡುವವಳು. ನಿಮ್ಮ ವಿದ್ವಾಂಸರನ್ನೇ ಕೇಳಿ.

ಇಂತು,
ಭಾಗೀರಥಿ


ತಿರುಮಕೂಡಲು ನರಸೀಪುರ
೨೦ನೇ ಡಿಸೆಂಬರ್ ೧೯೦೮

ಚಿ॥ ಸೌ॥ ಭಾಗೀರಥಿಗೆ ಆಶೀರ್ವಾದ.

ನಿನ್ನ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳಲಿಲ್ಲ.

ಒಂದು ಏರ್ಪಾಡು ಮಾಡಿದ್ದೇನೆ. ವಿದ್ವಾಂಸರು ತೀರಿಕೊಂಡರು ಎಂದು ಕ್ಲಬ್ಬಿನಲ್ಲಿ ಹೇಳಿಬಿಟ್ಟೆ. ವಯಸ್ಸಾಗಿತ್ತು, ಚಳಿಗಾಲ, ಯಾರಿಗೂ ಸಂಶಯ ಬರಲಿಲ್ಲ. ಇನ್ನು ಆ ಮಾತು ಬೆಳೆಯುವುದಿಲ್ಲ. ಇದರಿಂದ ನಿನಗೆ ಸಮಾಧಾನವಾಗಬಹುದು ಅಂದುಕೊಂಡಿದ್ದೇನೆ. ಆಗದಿದ್ದರೆ ಬರೆ. ಆದರೂ ಬರೆ.

ಇಂತು,
ರಾಮಯ್ಯ


ತಿರುಮಕೂಡಲು ನರಸೀಪುರ
೧೪ನೇ ಜನವರಿ ೧೯೦೯

ಚಿ॥ ಸೌ॥ ಭಾಗೀರಥಿಗೆ ಆಶೀರ್ವಾದ.

ನಿನ್ನ ಉತ್ತರ ಬರಲಿಲ್ಲ. ಬರಲಿಲ್ಲವೆಂದು ದೂರುತ್ತಿಲ್ಲ. ನಡೆದದ್ದನ್ನು ತಿಳಿಸಿಬಿಡುತ್ತೇನೆ.

ಡಿಸೆಂಬರ್ ಇಪ್ಪತ್ತೇಳರಂದು ಕ್ಲಬ್ಬಿನ ಸಭೆ. ವಿದ್ವಾಂಸರ ಮರಣಕ್ಕೆ ಸಂತಾಪದ ಠರಾವು ಮಾಡಬೇಕೆಂದು ದೇವರಾಜು ಎದ್ದು ಸೂಚಿಸಿದ. ಕಣ್ಣಲ್ಲಿ ನೀರು ಬೇರೆ. ನೋಡದ ಮನುಷ್ಯನಿಗೆ, ಇಲ್ಲದ ಮನುಷ್ಯನಿಗೆ! ಠರಾವನ್ನು ಗೀಚಿ, ದುಂಡಗೆ ನಕಲು ಮಾಡಲು ನನ್ನ ಕೈಗೇ ಕೊಟ್ಟರು. 'ಚದುರಂಗ ವಿದ್ಯೆಗೆ ತುಂಬಲಾರದ ನಷ್ಟ' ಎಂದು ಬರೆದೆ. 'ಮೃತರ ಆತ್ಮಕ್ಕೆ ಶಾಂತಿ' ಎಂದೂ ಬರೆದೆ. ನನಗೆ ಇದು ಕಷ್ಟವಲ್ಲ, ಇಪ್ಪತ್ತು ವರ್ಷದಿಂದ ಓದದೆ ಬರೆಯುತ್ತಿದ್ದೇನೆ. ನಡುವೆ ಹೆಸರಿಗೆ ಜಾಗ ಬಿಟ್ಟಿದ್ದರು. "ಇನ್ನು ಆಣೆ ಇಲ್ಲವಲ್ಲ, ಹೆಸರು ತುಂಬಿ ರಾಮಯ್ಯನವರೇ" ಅಂದ ದೇವರಾಜು.

ಲೇಖನಿ ಹಿಡಿದು ಕೂತೆ. ಏನಾದರೊಂದು ಹೆಸರು ಗೀಚಿದ್ದರೆ ಆಗುತ್ತಿತ್ತು. ಆದರೆ ಆ ಜಾಗದಲ್ಲಿ ಬರೆಯಬೇಕಾದ ಹೆಸರು ಒಂದೇ ಎಂದು ನನಗೆ ಗೊತ್ತಲ್ಲ. ಸತ್ತವರ ಕಾಗದದ ಮೇಲೆ, ಆ ಖಾಲಿ ಜಾಗದಲ್ಲಿ, ಬೇರೆ ಯಾವ ಹೆಸರು ಬರೆದರೂ ಅದು ನಿನ್ನ ತಲೆಗೇ ಬರುತ್ತದೆ ಅನ್ನಿಸಿತು. ಸತ್ಯದ ಮೇಲಿನ ಪ್ರೀತಿಯಿಂದ ಎದ್ದೆ ಎಂದು ಬರೆದರೆ ನೀನು ನಂಬುವುದಿಲ್ಲ. ಅಪಶಕುನಕ್ಕೆ ಹೆದರಿ ಎದ್ದೆ. "ಹರಿದುಹಾಕಿ. ಸತ್ತಿಲ್ಲ. ನಂಜನಗೂಡಿನಲ್ಲಿ ಚೆನ್ನಾಗಿದ್ದಾಳೆ. ನನ್ನ ಮಗಳು" ಅಂದೆ.

ಮೊದಲು ನಂಬಲಿಲ್ಲ. ಮನೆಗೆ ಓಡಿಹೋಗಿ ನಿನ್ನ ಕಾಗದಗಳನ್ನು ತಂದು ಮೇಜಿನ ಮೇಲಿಟ್ಟೆ, ಗಡ್ಡದ್ದನ್ನೂ ಸೇರಿಸಿ. ದೇವರಾಜು ಗಟ್ಟಿಯಾಗಿ ಓದಿದ. ಆಗ ನಂಬಿದರು. ನಂಬಿದ ಮೇಲೆ ನಕ್ಕರು. ಅರ್ಧ ಗಂಟೆಗೆ ಮುಂಚೆ ಇಲ್ಲದ ಮುದುಕನಿಗೆ ಕೈಮುಗಿದ ಅದೇ ಜನ. "ಸೊಪ್ಪು ಬಿಡಿಸೋ ಹೆಂಗಸು ಹೇಳಿಕೊಟ್ಟ ಆಟಾನ ಮೈಸೂರಿನೋರ ಮುಂದೆ ಹ್ಯಾಗ್ರೀ ಕೂರಿಸೋದು?" ಎಂದು ದೇವರಾಜು ನನ್ನ ಹೆಸರು ಹೊಡೆದು, ಮೊದಲ ಮಣೆಗೆ ತನ್ನ ಹೆಸರು ಬರೆದುಕೊಂಡ. ಆ ಜಾಗಕ್ಕಾಗಿ ನಾಲ್ಕೂವರೆ ತಿಂಗಳು ನಿದ್ದೆಗೆಟ್ಟಿದ್ದೆ. ಹೋದ ಮೇಲೆ ನೋಡಿದರೆ, ಅದು ಇಂಥವರ ಪಕ್ಕದ ಒಂದು ಕುರ್ಚಿ.

ನಿನ್ನ ಮಾವನವರಿಗೂ ಬೇರೆ ಕಾಗದ ಹಾಕಿದ್ದೇನೆ, ನಡೆದದ್ದನ್ನೆಲ್ಲ ನನ್ನ ಕೈಬರಹದಲ್ಲಿ ಬರೆದು. ನಿನಗೆ ತೊಂದರೆಯಾಗುತ್ತದೋ ಎಂದು ನಾಲ್ಕು ದಿನ ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಆಮೇಲೆ ಹಾಕಿದೆ. ಏನಾದರೂ ಅಂದರೆ ತಕ್ಷಣ ತಿಳಿಸು, ಗಾಡಿ ತರುತ್ತೇನೆ.

ಹತ್ತನೆಯ ತಾರೀಖು ಮೈಸೂರಿನವರು ಬಂದರು. ದೇವರಾಜು ಹತ್ತೊಂಬತ್ತು ನಡೆಗೆ ಸೋತ. ನಾನು ಹಿಂದೆ ನಿಂತು ನೋಡಿದೆ, 'ಚ್ಚ್' ಅನ್ನಲಿಲ್ಲ. ಮೊನ್ನೆ ಬೆಳಿಗ್ಗೆ ಕಚೇರಿಗೆ ಹೊರಟಿದ್ದೇನೆ, ಆಸಾಮಿ ನಮ್ಮ ಜಗುಲಿಯ ಮೇಲೆ ಕೂತಿದ್ದಾನೆ! ಕೈಯಲ್ಲಿ ಒಂದು ಹಾಳೆ, ಅದರಲ್ಲಿ ಆ ಹತ್ತೊಂಬತ್ತು ನಡೆ. "ರಾಮಯ್ಯನವರೇ, ಯಾರಿಗೂ ಹೇಳಬೇಡಿ. ಎಲ್ಲಿ ತಪ್ಪಿದೆ ಅಂತ ಸ್ವಲ್ಪ... ನಿಮ್ಮ ಕಾಗದದ ಜೊತೆ ಕಳಿಸ್ತೀರಾ?"

ಕಳಿಸುತ್ತೇನೆ, ಮೇಲೆ ವಿಳಾಸ ಹಾಕಿ ಅಂದೆ. ಯಾರ ಹೆಸರಿಗೆ ಎಂದ. ಯಾರನ್ನು ಕೇಳುತ್ತೀರೋ ಅವರ ಹೆಸರಿಗೆ ಅಂದೆ. ಬೀದಿಯ ಈ ಕಡೆ ನೋಡಿದ, ಆ ಕಡೆ ನೋಡಿದ. ನಿಮ್ಮ ಹೆಸರಿಗೇ ಬರೆಯುತ್ತೇನೆ ಎಂದ. ಹಾಗಾದರೆ ಹಾಳೆ ತೆಗೆದುಕೊಂಡು ಹೋಗಿ ಅಂದು ಚಪ್ಪಲಿ ಮೆಟ್ಟಿಕೊಂಡೆ. ನಿಮ್ಮಮ್ಮ ಒಳಗಿನಿಂದ ಮಸಿಕುಡಿಕೆ ತಂದು ಅವನ ಪಕ್ಕ ಇಟ್ಟು ಹೋದಳು.

ಬರೆದ. 'ಶ್ರೀಮತಿ ಭಾಗೀರಥಮ್ಮನವರ ಸನ್ನಿಧಾನಕ್ಕೆ' ಎಂದು. ಅಕ್ಷರ ಕೋಳಿ ಕೆರೆದ ಹಾಗಿದೆ, ಎಫ್.ಎ. ಮಾಡಿದವರ ಅಕ್ಷರ. ದುಂಡಗೆ ನಕಲು ಮಾಡಿ ಕಳಿಸೋಣವೇ ಎಂದು ಒಂದು ಸಲ ಕೈ ಹೋಯಿತು. ಮಾಡಲಿಲ್ಲ. ಅವನ ಕೈಯಲ್ಲಿ ಬರೆದದ್ದನ್ನೇ ಇದರ ಜೊತೆ ಇಟ್ಟಿದ್ದೇನೆ.

ಉತ್ತರ ಕೊಡುವುದು ಬಿಡುವುದು ನಿನ್ನ ಇಷ್ಟ. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಇಂತು ನಿನ್ನ ತಂದೆ,
ರಾಮಯ್ಯ